ಕರಗುವ ಸಾಕ್ಷ್ಯ, ಕಾಯಿಸುವ ಕಾನೂನು

ಜಿಸೆಲ್ ಪೆಲಿಕೊ ಎಂಬ ಫ್ರೆಂಚ್ ಮಹಿಳೆ ವರ್ಷಗಟ್ಟಲೆ ವೈದ್ಯರ ಬಳಿ ಅಲೆದರು. ದಿನದ ಕೆಲವು ಗಂಟೆಗಳು ಅವರ ನೆನಪಿನಿಂದ ಪೂರ್ತಿ ಅಳಿಸಿಹೋಗುತ್ತಿದ್ದವು. ಮಕ್ಕಳ ಜೊತೆ ಫೋನಿನಲ್ಲಿ ಆಡಿದ ಮಾತು ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಮರೆವಿನ ರೋಗವೋ, ಮೆದುಳಿನಲ್ಲಿ ಗೆಡ್ಡೆಯೋ ಎಂಬ ಭಯ. ನರರೋಗ ತಜ್ಞರು ನೋಡಿದರು, ಸ್ತ್ರೀರೋಗ ತಜ್ಞರು ನೋಡಿದರು, ಸ್ಕ್ಯಾನ್ ಆಯಿತು. ಗಂಡನೂ ಜೊತೆಗೆ ಬರುತ್ತಿದ್ದ. ಒಂದು ಸೀಸೆ ಮೂತ್ರ, ಒಂದು ನಳಿಕೆ ರಕ್ತ ತೆಗೆದು ಇದರಲ್ಲಿ ಮತ್ತು ಬರಿಸುವ ಔಷಧವೇನಾದರೂ ಇದೆಯೇ ಎಂದು ನೋಡಬೇಕೆಂದು ಆ ವೈದ್ಯರಲ್ಲಿ ಯಾರಿಗೂ ಹೊಳೆಯಲಿಲ್ಲ.

ಔಷಧ ಇತ್ತು. ಗಂಡ ಡೊಮಿನಿಕ್ ಪೆಲಿಕೊ ಲೊರಾಜೆಪಾಮ್, ಜೊಲ್ಪಿಡೆಮ್ ಮಾತ್ರೆಗಳನ್ನು ಹೆಂಡತಿಯ ಊಟದಲ್ಲೂ ಪಾನೀಯದಲ್ಲೂ ಬೆರೆಸುತ್ತಿದ್ದ. ಅವರ ಎಚ್ಚರ ತಪ್ಪಿದ ಮೇಲೆ ಅಪರಿಚಿತ ಗಂಡಸರನ್ನು ಇಂಟರ್‌ನೆಟ್ ಮೂಲಕ ಮನೆಗೆ ಕರೆಸಿ ಅತ್ಯಾಚಾರ ಮಾಡಿಸುತ್ತಿದ್ದ, ಅದನ್ನೆಲ್ಲ ಚಿತ್ರೀಕರಿಸಿಕೊಳ್ಳುತ್ತಿದ್ದ. 2011ರಿಂದ 2020ರವರೆಗೆ ಇದು ನಡೆಯಿತು. ಆವಿನ್ಯೊ ನಗರದ ನ್ಯಾಯಾಲಯ 2024ರ ಡಿಸೆಂಬರ್ 19ರಂದು ಅವನೂ ಸೇರಿ 51 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಅವನಿಗೆ 20 ವರ್ಷ ಜೈಲಾಯಿತು. ತನ್ನ ಹೆಸರು ಗೋಪ್ಯವಾಗಿರುವುದು ಬೇಡ, ವಿಚಾರಣೆ ಎಲ್ಲರೆದುರೇ ನಡೆಯಲಿ ಎಂದ ಆ ತಾಯಿಯ ಧೈರ್ಯವನ್ನು ಜಗತ್ತು ಕೊಂಡಾಡಿತು. ಕೊಂಡಾಡಬೇಕಾದದ್ದೇ. ಆದರೆ ಶಿಕ್ಷೆಯ ಸುದ್ದಿಯ ಅಬ್ಬರದಲ್ಲಿ ಇನ್ನೊಂದು ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಅಷ್ಟು ವರ್ಷ ಯಾಕೆ ಯಾರಿಗೂ ಗೊತ್ತಾಗಲಿಲ್ಲ?

ಗೊತ್ತಾದ ಬಗೆಯನ್ನು ನೋಡಿದರೆ ಉತ್ತರದ ಅರ್ಧ ಸಿಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕಾರ್ಪಾಂತ್ರಾ ಎಂಬ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಈತ ಹೆಂಗಸರ ಲಂಗದಡಿ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದುದನ್ನು ಅಲ್ಲಿನ ಕಾವಲುಗಾರ ಕಂಡ, ಹಿಡಿದ, ದೂರು ಕೊಡಿ ಎಂದು ಆ ಹೆಂಗಸರಿಗೆ ಹೇಳಿದ. ಪೊಲೀಸರು ಅದನ್ನು ಸಣ್ಣ ಚೇಷ್ಟೆ ಎಂದು ಬಿಡದೆ ಫೋನನ್ನೂ ಕಂಪ್ಯೂಟರನ್ನೂ ತೆರೆದು ನೋಡಿದರು. ಸುಮಾರು 20,000 ಚಿತ್ರ, ವಿಡಿಯೊಗಳು ಸಿಕ್ಕವು. ಇದೇ ಮನುಷ್ಯ 2010ರಲ್ಲಿ ಪ್ಯಾರಿಸ್ ಬಳಿಯ ಇನ್ನೊಂದು ಅಂಗಡಿಯಲ್ಲಿ ಇದೇ ಕೃತ್ಯ ಮಾಡಿ ಸಿಕ್ಕಿಬಿದ್ದಿದ್ದ. ಆಗ 100 ಯೂರೊ ದಂಡ ಕಟ್ಟಿಸಿ ಕಳಿಸಿಬಿಟ್ಟಿದ್ದರು. ಹೆಂಡತಿಗೆ ವಿಷಯವೇ ತಿಳಿಯಲಿಲ್ಲ. ಒಂದೇ ದೇಶ, ಒಂದೇ ಪೊಲೀಸ್ ವ್ಯವಸ್ಥೆ. ಒಮ್ಮೆ ನೋಡುವ ಕಣ್ಣು ಇರಲಿಲ್ಲ, ಇನ್ನೊಮ್ಮೆ ಇತ್ತು. ನಡುವೆ ಕಳೆದದ್ದು ಹತ್ತು ವರ್ಷ.

ಮತ್ತು ಬರಿಸಿ ನಡೆಸುವ ಅಪರಾಧದ ಬಗ್ಗೆ ಈಗ ದೇಶದೇಶಗಳಲ್ಲಿ ಕಾನೂನು ಮಾಡುತ್ತಿದ್ದಾರೆ. ಯಾವ ಕಾನೂನು ಮಂಡನೆಯಾದರೂ ಮೊದಲು ಸುದ್ದಿಯಾಗುವುದು ಶಿಕ್ಷೆಯ ವರ್ಷಗಳ ಸಂಖ್ಯೆ. ಈ ಅಪರಾಧದಲ್ಲಿ ಮಾತ್ರ ಶಿಕ್ಷೆಯ ವರ್ಷಗಳಿಗಿಂತ ಪರೀಕ್ಷೆಯ ಗಂಟೆಗಳೇ ಮುಖ್ಯ. ಪರೀಕ್ಷೆ ಮಾಡುವ ಸಾಮಗ್ರಿ, ಪರೀಕ್ಷೆ ಮಾಡಬೇಕೆಂದು ಹೊಳೆಯುವಂಥ ತರಬೇತಿ, ಇವೆರಡೂ ಇಲ್ಲದ ಕಾನೂನು ಎಷ್ಟು ಕಠಿಣವಾಗಿದ್ದರೂ ಯಾರನ್ನೂ ಹಿಡಿಯುವುದಿಲ್ಲ.

ಕಾರಣ ರಸಾಯನಶಾಸ್ತ್ರದಲ್ಲೇ ಇದೆ. ಜಿಎಚ್‌ಬಿ ಎಂಬ ದ್ರವರೂಪದ ಮಾದಕವಸ್ತು ಕುಡಿದ ಕಾಲು ಗಂಟೆ, ಅರ್ಧ ಗಂಟೆಯಲ್ಲೇ ಮನುಷ್ಯನನ್ನು ಕೆಡವಬಲ್ಲದು. ಅದು ರಕ್ತದಲ್ಲಿ ಉಳಿಯುವುದು ಹೆಚ್ಚೆಂದರೆ ಎಂಟು ಗಂಟೆ, ಮೂತ್ರದಲ್ಲಿ ಸುಮಾರು ಹನ್ನೆರಡು ಗಂಟೆ. ಮೇಲಾಗಿ ಇದು ಮನುಷ್ಯನ ದೇಹದಲ್ಲಿ ಸಹಜವಾಗಿಯೂ ಅತಿ ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತದೆ. ಹಾಗಾಗಿ ಪ್ರಯೋಗಾಲಯಗಳು ಸಾಮಾನ್ಯವಾಗಿ ಒಂದು ಲೀಟರ್ ಮೂತ್ರಕ್ಕೆ 10 ಮಿಲಿಗ್ರಾಂ ಎಂಬ ಗಡಿ ಹಾಕಿಕೊಂಡಿವೆ. ಅದಕ್ಕಿಂತ ಕಡಿಮೆ ಸಿಕ್ಕರೆ ಹೊರಗಿನಿಂದ ಬಂದದ್ದೆಂದು ಹೇಳಲಾಗದು. ಅಂದರೆ ತಡವಾಗಿ ಕೊಟ್ಟ ಮಾದರಿಯಲ್ಲಿ ಔಷಧ ಸಿಗುವುದಿಲ್ಲ ಎಂಬುದಷ್ಟೇ ಅಲ್ಲ, ಆಕೆ ಹೇಳಿದ್ದು ಸುಳ್ಳು ಎಂಬಂಥ ವರದಿಯೂ ಬಂದುಬಿಡುತ್ತದೆ. ನಿದ್ರೆ ಬರಿಸುವ ಮಾತ್ರೆಗಳಲ್ಲಿ ಕೆಲವು ಮೂತ್ರದಲ್ಲಿ ಒಂದೆರಡು ದಿನ, ಕೆಲವು ಮೂರು ದಿನದ ಮೇಲೂ ಸಿಗಬಹುದು. ಕೂದಲಿನಲ್ಲಿ ಸಿಗುವ ಸಾಧ್ಯತೆ ತಿಂಗಳುಗಳವರೆಗೆ ಇರುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಘಟನೆಯಾಗಿ ನಾಲ್ಕೈದು ವಾರ ಕಾದು, ಬುಡದಿಂದ ಕತ್ತರಿಸಿ, ತುಂಡು ತುಂಡಾಗಿ ಪರೀಕ್ಷಿಸಿದರೆ ಯಾವ ತಿಂಗಳಲ್ಲಿ ಔಷಧ ದೇಹ ಸೇರಿತೆಂದು ಅಂದಾಜು ಮಾಡಬಹುದು. ಇದು ದುಬಾರಿ ಪರೀಕ್ಷೆ, ಎಲ್ಲ ಪ್ರಯೋಗಾಲಯಗಳಲ್ಲೂ ಆಗುವಂಥದ್ದಲ್ಲ.

ಹೆಣ್ಣುಮಗಳೊಬ್ಬಳ ಪಾನೀಯದಲ್ಲಿ ರಾತ್ರಿ ಹತ್ತಕ್ಕೆ ಏನನ್ನೋ ಬೆರೆಸಿದ್ದಾರೆ ಎಂದುಕೊಳ್ಳೋಣ. ಎಚ್ಚರವಾಗುವಾಗ ಬೆಳಿಗ್ಗೆ ಏಳು. ತಲೆ ಭಾರ, ಏನಾಯಿತೆಂದು ತಿಳಿಯದ ಗೊಂದಲ, ನಾಚಿಕೆ, ಭಯ. ಸ್ನಾನ ಮಾಡುತ್ತಾಳೆ, ಸ್ನೇಹಿತೆಗೆ ಫೋನ್ ಮಾಡುತ್ತಾಳೆ, ಮನೆಯವರಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಾಳೆ. ಮಧ್ಯಾಹ್ನ ಠಾಣೆಗೆ ಹೋದರೆ ಅಲ್ಲಿ ಪ್ರಶ್ನೆಗಳು. ಸಂಜೆ ಆಸ್ಪತ್ರೆ. ಅಷ್ಟರಲ್ಲಿ ಇಪ್ಪತ್ತು ಗಂಟೆ ಕಳೆದಿದೆ. ಯಾರೂ ಬೇಕೆಂದು ತಡಮಾಡಿಲ್ಲ, ಎಲ್ಲರೂ ನಿಯಮದಂತೆಯೇ ನಡೆದಿದ್ದಾರೆ ಎಂದಿಟ್ಟುಕೊಂಡರೂ ಸಾಕ್ಷ್ಯ ಹೋಗಿದೆ.

ಅಮೆರಿಕ ಈ ಸಮಸ್ಯೆಯನ್ನು ಮೊದಲು ಶಿಕ್ಷೆಯ ದಾರಿಯಲ್ಲೇ ಎದುರಿಸಿತು. 1996ರಲ್ಲಿ ಅಲ್ಲಿನ ಕಾಂಗ್ರೆಸ್ ಒಂದು ಕಾಯ್ದೆ ಮಾಡಿ, ಅತ್ಯಾಚಾರವೂ ಸೇರಿದಂತೆ ಹಿಂಸಾತ್ಮಕ ಅಪರಾಧದ ಉದ್ದೇಶದಿಂದ ಇನ್ನೊಬ್ಬರಿಗೆ ತಿಳಿಯದಂತೆ ನಿಯಂತ್ರಿತ ಮಾದಕವಸ್ತು ಕೊಟ್ಟರೆ 20 ವರ್ಷದವರೆಗೆ ಜೈಲು ಎಂದಿತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದದ್ದು ರೊಹಿಪ್ನಾಲ್ ಎಂಬ ಮಾತ್ರೆ. ಅದನ್ನು ತಯಾರಿಸುತ್ತಿದ್ದ ರೋಶ್ ಕಂಪನಿ ಪಾನೀಯಕ್ಕೆ ಬಿದ್ದ ಕೂಡಲೇ ನೀಲಿ ಬಣ್ಣ ಬಿಡುವಂತೆ ಮಾತ್ರೆಯ ರೂಪವನ್ನೇ ಬದಲಿಸಿತು. ಮುಂದೆ 2000ದ ಫೆಬ್ರುವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಇನ್ನೊಂದು ಕಾಯ್ದೆ ಜಿಎಚ್‌ಬಿಯನ್ನು ಅತಿ ಕಠಿಣ ನಿಯಂತ್ರಣದ ಪಟ್ಟಿಗೆ ಸೇರಿಸಿತು. ಸಾವಿಗೀಡಾದ ಇಬ್ಬರು ಹದಿಹರೆಯದ ಹುಡುಗಿಯರ ಹೆಸರನ್ನು ಹೊತ್ತ ಕಾಯ್ದೆ ಅದು. ಸುದ್ದಿಯಾದದ್ದು ಆ ನಿಷೇಧ. ಆದರೆ ಅದೇ ಕಾಯ್ದೆಯೊಳಗೆ, ಯಾರೂ ಹೆಚ್ಚು ಮಾತನಾಡದ ಇನ್ನೊಂದು ಭಾಗವಿತ್ತು: ಇಂಥ ಪ್ರಕರಣಗಳ ತನಿಖೆಗೆ ಮಾದರಿ ವಿಧಾನ, ಪೊಲೀಸರಿಗೆ ತರಬೇತಿ ಸಾಮಗ್ರಿ, ಸ್ಥಳದಲ್ಲೇ ಪತ್ತೆಹಚ್ಚುವ ಪರೀಕ್ಷೆ, ಇವುಗಳನ್ನು ಸರ್ಕಾರವೇ ಸಿದ್ಧಪಡಿಸಬೇಕು ಎಂಬುದು. ಪರೀಕ್ಷೆ ಮತ್ತು ತರಬೇತಿಯನ್ನು ಶಿಕ್ಷೆಯ ಜೊತೆಜೊತೆಗೇ ಕಾನೂನಿನ ಮೈಯಲ್ಲಿ ಬರೆದದ್ದು ಆ ಕಾಯ್ದೆಯ ದೊಡ್ಡತನ.

ಕ್ಯಾಲಿಫೋರ್ನಿಯಾ ಇದನ್ನು ಬಾರಿನ ಮೇಜಿನವರೆಗೆ ತಂದಿತು. ಜೋಶ್ ಲೋವೆಂಥಾಲ್ ಎಂಬ ಶಾಸಕರು ತಂದ ಮಸೂದೆಗೆ 2023ರ ಅಕ್ಟೋಬರಿನಲ್ಲಿ ಅಂಕಿತ ಬಿತ್ತು, 2024ರ ಜುಲೈ 1ರಿಂದ ಅದು ಜಾರಿಗೆ ಬಂತು. ಅದರ ಪ್ರಕಾರ 21 ವರ್ಷದೊಳಗಿನವರಿಗೆ ಪ್ರವೇಶವಿಲ್ಲದ ಬಾರು, ನೈಟ್‌ಕ್ಲಬ್‌ಗಳು, ಅಂದರೆ ರಾಜ್ಯದ ಸುಮಾರು 2,400 ಮಳಿಗೆಗಳು, ಪಾನೀಯದಲ್ಲಿ ಮಾದಕವಸ್ತು ಬೆರೆತಿದೆಯೇ ಎಂದು ನೋಡುವ ಪರೀಕ್ಷಾ ಪಟ್ಟಿಗಳನ್ನು ಗಿರಾಕಿಗಳಿಗೆ ಒದಗಿಸಬೇಕು. ಬಿಟ್ಟಿಯಾಗಿ ಕೊಡಬಹುದು, ಇಲ್ಲವೇ ಸಗಟು ದರಕ್ಕೆ ಹೊಂದುವ ನ್ಯಾಯವಾದ ಬೆಲೆಗೆ ಮಾರಬಹುದು. ಕಿಟ್ ಇಲ್ಲಿ ಸಿಗುತ್ತದೆ ಎಂಬ ಫಲಕವನ್ನು ಎದ್ದು ಕಾಣುವಂತೆ ತೂಗುಹಾಕುವುದು ಕಡ್ಡಾಯ. ಕೇಳಿದವರಿಗೆ ಲೋಟಕ್ಕೆ ಮುಚ್ಚಳ ಕೊಡಬೇಕೆಂಬ ನಿಯಮವೂ ಮರುವರ್ಷ ಸೇರಿಕೊಂಡಿತು. ಮದ್ಯ ಬಡಿಸುವ ನೌಕರರು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು, ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು ಎಂಬ ನಿಯಮ ಅಲ್ಲಿ 2022ರಿಂದಲೇ ಇದೆ.

ಈ ಕಿಟ್‌ಗಳ ಮಿತಿಯನ್ನೂ ಹೇಳಬೇಕು. ಪಾನೀಯದ ಒಂದು ಹನಿಯನ್ನು ಕಾಗದದ ಮೇಲೆ ಇಟ್ಟರೆ ಬಣ್ಣ ಬದಲಾಗುವ ಈ ಪರೀಕ್ಷೆ ಕೆಲವೇ ವಸ್ತುಗಳನ್ನು ಗುರುತಿಸುತ್ತದೆ. ನಿದ್ರೆಮಾತ್ರೆಗಳ ಬಳಗವೇ ದೊಡ್ಡದು, ಅದರಲ್ಲಿ ಬಹುಪಾಲು ಇದಕ್ಕೆ ಸಿಗುವುದಿಲ್ಲ. ಹಾಲು, ಎಣ್ಣೆ, ಗಾಢ ಬಣ್ಣವಿರುವ ಪಾನೀಯದಲ್ಲಿ ಫಲಿತಾಂಶ ಎಡವಬಹುದು. ಫಲಿತಾಂಶ ತಪ್ಪಾದರೆ ಬಾರಿನವರು ಹೊಣೆಯಲ್ಲ ಎಂದು ಕಾಯ್ದೆಯೇ ಹೇಳಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅನುಮಾನ ಬಂದವರು ಮಾತ್ರ ಕಿಟ್ ಕೇಳುತ್ತಾರೆ. ಈ ಅಪರಾಧ ಹೆಚ್ಚಾಗಿ ನಡೆಯುವುದೋ ನಂಬಿಕೆಯ ಜಾಗದಲ್ಲಿ. ಜಿಸೆಲ್ ತಮ್ಮದೇ ಅಡುಗೆಮನೆಯ ಊಟಕ್ಕೆ ಕಿಟ್ ಹಿಡಿದು ಕೂರುತ್ತಿದ್ದರೇ? ಆದರೂ ಈ ಕಾನೂನಿನಿಂದ ಒಂದು ಒಳ್ಳೆಯದಾಗಿದೆ. ಎಚ್ಚರಿಕೆಯ ಹೊರೆ ಈವರೆಗೆ ಪೂರ್ತಿಯಾಗಿ ಹೆಣ್ಣುಮಕ್ಕಳ ತಲೆಯ ಮೇಲಿತ್ತು: ಲೋಟ ಬಿಟ್ಟು ಹೋಗಬೇಡ, ಅಪರಿಚಿತರಿಂದ ತೆಗೆದುಕೊಳ್ಳಬೇಡ, ಹೊತ್ತಾದ ಮೇಲೆ ಇರಬೇಡ. ಆ ಹೊರೆಯ ಒಂದು ಪಾಲನ್ನು ಮದ್ಯ ಮಾರಿ ಲಾಭ ಮಾಡುವವರ ಹೆಗಲಿಗೂ ಕಾನೂನು ಹಾಕಿತು. 2027ರ ಜನವರಿ 1ಕ್ಕೆ ಕೊನೆಯಾಗುವಂತೆ ಅವಧಿ ಗೊತ್ತುಮಾಡಿಯೇ ಕಾಯ್ದೆಯನ್ನು ತಂದರು. ಪ್ರಯೋಗಕ್ಕೆ ಪ್ರಯೋಗವೆಂದೇ ಹೆಸರಿಟ್ಟು, ಫಲ ನೋಡಿ ಮುಂದುವರಿಸುವ ಈ ರೀತಿ ನಮ್ಮ ಶಾಸನಸಭೆಗಳಿಗೂ ಬರಲಿ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ 2021ರ ಶರತ್ಕಾಲದಲ್ಲಿ ವಿಶ್ವವಿದ್ಯಾಲಯದ ಊರುಗಳ ನೈಟ್‌ಕ್ಲಬ್‌ಗಳಲ್ಲಿ ಸೂಜಿ ಚುಚ್ಚಿ ಮತ್ತು ಬರಿಸುತ್ತಿದ್ದಾರೆಂಬ ದೂರುಗಳು ಸಾಲುಸಾಲಾಗಿ ಬಂದವು, ವಿದ್ಯಾರ್ಥಿನಿಯರು ಕ್ಲಬ್‌ಗಳನ್ನು ಬಹಿಷ್ಕರಿಸಿದರು. ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿ 2022ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ವಿಷ ಉಣಿಸುವುದರ ವಿರುದ್ಧ 1861ರ ಕಾಯ್ದೆ ಇತ್ತು, ಲೈಂಗಿಕ ದುರುದ್ದೇಶದಿಂದ ಮತ್ತು ಬರಿಸುವುದರ ವಿರುದ್ಧ 2003ರ ಕಾಯ್ದೆಯಲ್ಲಿ ಹತ್ತು ವರ್ಷದವರೆಗಿನ ಶಿಕ್ಷೆಯೂ ಇತ್ತು. ಆದರೂ ಪ್ರತ್ಯೇಕ ಅಪರಾಧವೆಂದೇ ಗುರುತಿಸುವ ಕಲಮನ್ನು 2025ರ ಫೆಬ್ರುವರಿಯಲ್ಲಿ ಮಂಡಿಸಿದ ಅಪರಾಧ ಮತ್ತು ಪೊಲೀಸ್ ಮಸೂದೆಯಲ್ಲಿ ಸೇರಿಸಿದರು. ಅದಕ್ಕೂ ಮೊದಲೇ, 2024ರ ನವೆಂಬರಿನಲ್ಲಿ, ಪ್ರಧಾನಿ ಕಿಯರ್ ಸ್ಟಾರ್ಮರ್ ಬಾರು, ಪಬ್ಬುಗಳ 10,000 ನೌಕರರಿಗೆ ತರಬೇತಿ ಕೊಡುವ ಯೋಜನೆ ಪ್ರಕಟಿಸಿದ್ದರು. ಗಿರಾಕಿಯ ನಡೆಯಲ್ಲಿ ಏಕಾಏಕಿ ಆದ ಬದಲಾವಣೆ ಗುರುತಿಸುವುದು, ಅವರನ್ನು ಒಂಟಿಯಾಗಿ ಹೊರಗೆ ಕಳಿಸದಿರುವುದು, ಲೋಟವನ್ನು ತೊಳೆಯದೆ ಎತ್ತಿಡುವುದು, ಇವು ಇಂಥ ತರಬೇತಿಯ ತಿರುಳು. ಲೋಟ ತೊಳೆಯದಿರುವುದು ಎಷ್ಟು ಸಣ್ಣ ಸಂಗತಿ! ಆದರೆ ಹೇಳಿಕೊಡದಿದ್ದರೆ ಯಾವ ನೌಕರನಿಗೆ ಗೊತ್ತಾಗುತ್ತದೆ? ಮೇಜು ಬೇಗ ಖಾಲಿ ಮಾಡಿಸುವುದೇ ಅವನ ಕೆಲಸ.

ಮತ್ತೆ ಫ್ರಾನ್ಸಿಗೆ ಬಂದರೆ, ಅಲ್ಲೂ ಶಿಕ್ಷೆಯ ಕಲಮು 2018ರಿಂದಲೇ ಇದೆ: ಅತ್ಯಾಚಾರದ ಉದ್ದೇಶದಿಂದ ತಿಳಿಯದಂತೆ ಔಷಧ ಕೊಟ್ಟರೆ, ಅಷ್ಟಕ್ಕೇ, ಐದು ವರ್ಷ ಜೈಲು ಮತ್ತು 75,000 ಯೂರೊ ದಂಡ. ಇದ್ದರೂ ಪತ್ತೆ ಆಗುತ್ತಿರಲಿಲ್ಲ. 2023ರ ನವೆಂಬರಿನಲ್ಲಿ ಸಂಸದೆ ಸ್ಯಾಂಡ್ರಿನ್ ಜೊಸ್ಸೊ ಅವರು ಸೆನೆಟರ್ ಒಬ್ಬರ ಮನೆಯಲ್ಲಿ ಶಾಂಪೇನ್ ಕುಡಿದ ಸ್ವಲ್ಪ ಹೊತ್ತಿಗೇ ಎದೆ ಬಡಿತ ಏರಿ, ಅಲ್ಲಿಂದ ಹೇಗೋ ಹೊರಬಿದ್ದು, ಆಸ್ಪತ್ರೆ ಸೇರಿದರು. ರಕ್ತಪರೀಕ್ಷೆಯಲ್ಲಿ ಎಕ್ಸ್‌ಟಸಿ ಎಂಬ ಮಾದಕವಸ್ತು ಪತ್ತೆಯಾಯಿತು. ಬೇಕೆಂದು ಬೆರೆಸಿದ್ದಲ್ಲ ಎಂದು ಸೆನೆಟರ್ ಹೇಳಿದರು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಇಲ್ಲಿ ಗಮನಿಸಬೇಕಾದದ್ದು ಗಡಿಯಾರವನ್ನು. ಸಂಸದೆಯ ಸುತ್ತ ಸಹೋದ್ಯೋಗಿಗಳಿದ್ದರು, ಆಸ್ಪತ್ರೆ ಹತ್ತಿರವಿತ್ತು, ಕೆಲವೇ ಗಂಟೆಗಳಲ್ಲಿ ಪರೀಕ್ಷೆ ನಡೆಯಿತು, ಸಾಕ್ಷ್ಯ ಸಿಕ್ಕಿತು. ಹಳ್ಳಿಯ ಮನೆಯಲ್ಲಿದ್ದ ಜಿಸೆಲ್‌ಗೆ ವರ್ಷಗಟ್ಟಲೆ ಸಿಗದದ್ದು ಅವರಿಗೆ ಒಂದು ರಾತ್ರಿಯಲ್ಲಿ ಸಿಕ್ಕಿತು.

ಜೊಸ್ಸೊ ಇದನ್ನು ಚೆನ್ನಾಗಿ ಅರಿತರು. ಜಿಸೆಲ್ ಅವರ ಮಗಳು ಕ್ಯಾರೊಲಿನ್ ಡಾರಿಯನ್ ಕಟ್ಟಿದ ಸಂಘಟನೆಯ ಜೊತೆ ನಿಂತರು. ಸೆನೆಟರ್ ವೆರೊನಿಕ್ ಗಿಯೊತ್ತಾ ಅವರೊಂದಿಗೆ ಸೇರಿ 2025ರ ಮೇ ತಿಂಗಳಲ್ಲಿ ಸರ್ಕಾರಕ್ಕೆ 50 ಶಿಫಾರಸುಗಳ ವರದಿ ಕೊಟ್ಟರು. ವೈದ್ಯರು, ದಾದಿಯರು, ಪೊಲೀಸರು, ನ್ಯಾಯಾಧೀಶರ ತರಬೇತಿಗೆ ಅದರಲ್ಲಿ ದೊಡ್ಡ ಜಾಗವಿದೆ. ಅಷ್ಟರಲ್ಲಿ 2025ರ ಸಾಮಾಜಿಕ ಭದ್ರತಾ ಹಣಕಾಸು ಕಾಯ್ದೆ ಒಂದು ಹೊಸ ಪ್ರಯೋಗಕ್ಕೆ ದಾರಿ ತೆರೆದಿತ್ತು: ಗೊತ್ತುಮಾಡಿದ ಪ್ರಾಂತ್ಯಗಳಲ್ಲಿ, ತನಗೆ ಮತ್ತು ಬರಿಸಿದ್ದಾರೆಂದು ಅನುಮಾನವಿರುವ ವ್ಯಕ್ತಿ ವೈದ್ಯರ ಚೀಟಿ ಹಿಡಿದು ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು, ಖರ್ಚು ಆರೋಗ್ಯ ವಿಮೆಯದು, ಪೊಲೀಸರಿಗೆ ದೂರು ಕೊಟ್ಟಿರಲೇಬೇಕೆಂದಿಲ್ಲ. ಈ ಕೊನೆಯ ಮಾತೇ ಇಡೀ ಕಾನೂನಿನ ಜೀವ. ದೂರು ಕೊಡಲು ಮನಸ್ಸು ಗಟ್ಟಿಯಾಗುವುದಕ್ಕೆ ವಾರಗಳು ಬೇಕು. ಮೂತ್ರದಲ್ಲಿನ ಔಷಧಕ್ಕೆ ಅಷ್ಟು ತಾಳ್ಮೆಯಿಲ್ಲ. ಮೊದಲು ಮಾದರಿ ಎತ್ತಿಡಿ, ದೂರಿನ ಮಾತು ಆಮೇಲೆ ಎಂಬ ಈ ಕ್ರಮವನ್ನು ಅಮೆರಿಕ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯ 2005ರ ಪರಿಷ್ಕರಣೆಯಲ್ಲಿ ಇನ್ನೊಂದು ರೂಪದಲ್ಲಿ ಒಪ್ಪಿಕೊಂಡಿತ್ತು. ಪೊಲೀಸರಿಗೆ ಸಹಕರಿಸಲಿ ಬಿಡಲಿ, ವೈದ್ಯಕೀಯ ಸಾಕ್ಷ್ಯ ಸಂಗ್ರಹ ಉಚಿತವಾಗಿ ಆಗಬೇಕೆಂದು ರಾಜ್ಯಗಳಿಗೆ ಷರತ್ತು ಹಾಕಿತ್ತು. ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ನೆರವಿಗಿರುವ ಸೇಂಟ್ ಮೇರೀಸ್ ಕೇಂದ್ರದಂಥ ಕಡೆಗಳಲ್ಲೂ, ನೊಂದವರು ನಿರ್ಧಾರ ಮಾಡುವವರೆಗೆ ಮಾದರಿ ಕಾಯ್ದಿಡುವ ಪದ್ಧತಿ ಬೆಳೆದಿದೆ.

ಭಾರತದಲ್ಲಿ ಈ ಅಪರಾಧ ಹೊಸದಲ್ಲ. ದತ್ತೂರಿ ಬೀಜ ಅರೆದು ಊಟದಲ್ಲಿ ಬೆರೆಸಿ ದಾರಿಹೋಕರನ್ನು ದೋಚುತ್ತಿದ್ದವರ ವಿವರಗಳು 19ನೇ ಶತಮಾನದ ನ್ಯಾಯವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಪುಟಗಟ್ಟಲೆ ಇವೆ. ಅಪರಿಚಿತರು ಕೊಟ್ಟ ತಿಂಡಿ ತಿನ್ನಬೇಡಿ ಎಂದು ರೈಲು ನಿಲ್ದಾಣದ ಧ್ವನಿವರ್ಧಕ ಇಂದಿಗೂ ಕೂಗುತ್ತದೆ. 1860ರ ದಂಡಸಂಹಿತೆಯ 328ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಮಾಗಿದೆ. ಅಪರಾಧ ಎಸಗುವ ಉದ್ದೇಶದಿಂದ ಮತ್ತು ಬರಿಸುವ ವಸ್ತು ಕೊಟ್ಟರೆ ಹತ್ತು ವರ್ಷದವರೆಗೆ ಜೈಲು. ಮತ್ತಿನ ಸ್ಥಿತಿಯಲ್ಲಿ, ಏನಾಗುತ್ತಿದೆಯೆಂದು ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 63ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಶಿಕ್ಷೆಯ ವಿಷಯದಲ್ಲಿ ನಾವು ಫ್ರಾನ್ಸಿಗಿಂತ ಕಠಿಣ.

ಪರೀಕ್ಷೆಯ ವಿಷಯಕ್ಕೆ ಬಂದರೆ ನಿಯಮಗಳು ಇವೆ, ಅವು ಒಂದಕ್ಕೊಂದು ಕೂಡುವುದಿಲ್ಲ. ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಮಿನ ಪ್ರಕಾರ ಅತ್ಯಾಚಾರದ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಸಂತ್ರಸ್ತೆಯನ್ನು ವೈದ್ಯಕೀಯ ಪರೀಕ್ಷೆಗೆ ಕಳಿಸಬೇಕು. ತಿಪಟೂರು ತಾಲ್ಲೂಕಿನ ನೊಣವಿನಕೆರೆ ಠಾಣೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ನಿರ್ದೇಶನವೂ ಇದನ್ನೇ ಒತ್ತಿ ಹೇಳಿತ್ತು: ತನಿಖಾಧಿಕಾರಿ ಆಕೆಯನ್ನು ಕೂಡಲೇ ವೈದ್ಯರ ಬಳಿಗೂ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಬಳಿಗೂ ಕರೆದೊಯ್ಯಬೇಕು, ತಡವಾದರೆ ಕಾರಣ ಬರೆಯಬೇಕು. ಕರ್ನಾಟಕದ ನೆಲದಿಂದ ಹೋದ ಒಂದು ಪ್ರಕರಣ ದೇಶಕ್ಕೇ ಗಡುವು ಹಾಕಿಕೊಟ್ಟಿತು ಎಂಬುದು ಹೆಮ್ಮೆಯ ಸಂಗತಿ. ಆದರೆ ಈ 24 ಗಂಟೆ ಎಣಿಕೆಯಾಗುವುದು ಪೊಲೀಸರಿಗೆ ಸುದ್ದಿ ಮುಟ್ಟಿದ ಕ್ಷಣದಿಂದ. ಜಿಎಚ್‌ಬಿಯ ಹನ್ನೆರಡು ಗಂಟೆ ಎಣಿಕೆಯಾಗುವುದು ಗುಟುಕು ಗಂಟಲಿಳಿದ ಕ್ಷಣದಿಂದ. ಕಾನೂನಿನ ಗಡುವನ್ನು ಚಾಚೂ ತಪ್ಪದೆ ಪಾಲಿಸಿದರೂ ಮಾದರಿ ಖಾಲಿಯಾಗಿರಬಹುದು.

ಇನ್ನೂ ದೊಡ್ಡ ಬಿರುಕು ಅದೇ ಸುರಕ್ಷಾ ಸಂಹಿತೆಯ 397ನೇ ಕಲಮಿನಲ್ಲಿದೆ. ಅತ್ಯಾಚಾರ, ಆ್ಯಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು, ಜೊತೆಗೆ ತಕ್ಷಣ ಪೊಲೀಸರಿಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಅದು ಪಟ್ಟಿ ಮಾಡಿರುವ ಅಪರಾಧಗಳ ಕಲಮುಗಳಲ್ಲಿ ನ್ಯಾಯ ಸಂಹಿತೆಯ 123 ಇಲ್ಲ. ಅಂದರೆ, ಯಾರೋ ಏನೋ ಬೆರೆಸಿದ್ದಾರೆ, ಆಮೇಲೆ ಏನಾಯಿತೆಂದು ನನಗೆ ನೆನಪಿಲ್ಲ ಎಂದು ಬರುವ ಹೆಣ್ಣುಮಗಳು ಆ ಪಟ್ಟಿಯ ಹೊರಗೆ ನಿಲ್ಲುತ್ತಾಳೆ. ನೆನಪನ್ನೇ ಕಿತ್ತುಕೊಳ್ಳುವ ಅಪರಾಧಕ್ಕೆ ಒಳಗಾದವಳಿಂದ ನೆನಪನ್ನೇ ಕೇಳಿದರೆ ಹೇಗೆ? ಇನ್ನೊಂದೆಡೆ, ಪಟ್ಟಿಯೊಳಗೆ ಬಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಪೊಲೀಸರಿಗೆ ಹೋಗುವುದೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ಮಹಿಳೆ ಈ ಕಾರಣಕ್ಕೇ ಆಸ್ಪತ್ರೆಯ ಬಾಗಿಲಿಗೂ ಬರುವುದಿಲ್ಲ. ಫ್ರಾನ್ಸ್ ತೆಗೆದುಹಾಕಲು ಹೊರಟಿರುವುದು ಈ ತಡೆಯನ್ನೇ.

ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಒಳ್ಳೆಯ ದಾಖಲೆ. ಮಾದಕವಸ್ತುವಿನ ಅನುಮಾನವಿದ್ದರೆ ರಕ್ತ, ಮೂತ್ರ ತೆಗೆದಿಡಬೇಕೆಂದು ಅದು ಹೇಳುತ್ತದೆ, ಪೊಲೀಸ್ ಕೇಸು ಬೇಡ ಎಂದವರಿಗೂ ಚಿಕಿತ್ಸೆ ನಿರಾಕರಿಸಬಾರದು ಎನ್ನುತ್ತದೆ. ಕಾಗದದಲ್ಲಿರುವುದು ಕೈಗೆ ಇಳಿಯಲು ಎಷ್ಟು ವರ್ಷ ಬೇಕೆಂಬುದಕ್ಕೆ ಅದೇ ಮಾರ್ಗಸೂಚಿಯ ಇನ್ನೊಂದು ಅಂಶ ಸಾಕ್ಷಿ. ಎರಡು ಬೆರಳಿನ ಪರೀಕ್ಷೆ ಎಂಬ ಅವಮಾನಕರ ಪದ್ಧತಿ ಹಕ್ಕುಗಳ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. 2014ರ ಮಾರ್ಗಸೂಚಿ ಅದನ್ನು ಕೈಬಿಡಿ ಎಂದಿತು. ಆದರೂ 2022ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ, ಇದನ್ನು ಇನ್ನೂ ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ, ಆಸ್ಪತ್ರೆಗಳಿಗೆ ಮಾರ್ಗಸೂಚಿ ತಲುಪಿಸಿ, ವೈದ್ಯಕೀಯ ಸಿಬ್ಬಂದಿಗೆ ಕಾರ್ಯಾಗಾರ ನಡೆಸಿ, ವೈದ್ಯಕೀಯ ಕಾಲೇಜುಗಳ ಪಠ್ಯ ಪರಿಷ್ಕರಿಸಿ ಎಂದು ಆದೇಶಿಸಬೇಕಾಯಿತು. ಒಂಬತ್ತು ವರ್ಷದ ಬಳಿಕ! ಒಂದು ತಪ್ಪು ಪರೀಕ್ಷೆಯನ್ನು ನಿಲ್ಲಿಸಲು ಇಷ್ಟು ಕಾಲ ಹಿಡಿದರೆ, ಒಂದು ಸರಿಯಾದ ಪರೀಕ್ಷೆಯನ್ನು ರೂಢಿಗೆ ತರಲು ತರಬೇತಿಯನ್ನು ಕಾನೂನಿನಲ್ಲೇ ಬರೆಯದೆ ಬೇರೆ ದಾರಿಯಿಲ್ಲ.

ಪರೀಕ್ಷೆಯ ಪರವಾಗಿ ವಾದಿಸುವವರು ಅದರ ಅಪಾಯವನ್ನೂ ನೇರವಾಗಿ ನೋಡಬೇಕು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮತ್ತು ಬರಿಸಿ ದೌರ್ಜನ್ಯ ನಡೆದಿದೆಯೆಂದು ಅನುಮಾನಿಸಿದ ಪ್ರಕರಣಗಳ 1,179 ಮೂತ್ರ ಮಾದರಿಗಳನ್ನು ಪರೀಕ್ಷಿಸಿದಾಗ 451ರಲ್ಲಿ ಮದ್ಯ ಸಿಕ್ಕಿತು, 48ರಲ್ಲಿ ಮಾತ್ರ ಜಿಎಚ್‌ಬಿ. ಎಲ್ಲರೂ ಹೆದರುತ್ತಿದ್ದ ರೊಹಿಪ್ನಾಲ್ ಕಂಡದ್ದು ಆರರಲ್ಲಿ. ಇದನ್ನು ಓದಿ, ನೋಡಿ ಕುಡಿದದ್ದು ಅವರೇ ಎನ್ನುವವರು ಇದ್ದಾರೆ. ಕುಡಿದು ಎಚ್ಚರ ತಪ್ಪಿದವಳ ಮೇಲಿನ ಅತ್ಯಾಚಾರ ಅತ್ಯಾಚಾರವೇ ಎಂದು ಕಾನೂನು ಹೇಳುತ್ತಿದ್ದರೂ ಪರೀಕ್ಷಾ ವರದಿ ಆಕೆಯ ವಿರುದ್ಧವೇ ಆಯುಧವಾಗಬಹುದು. ಕರ್ನಾಟಕ ಹೈಕೋರ್ಟಿನ 2020ರ ಜೂನ್ ತಿಂಗಳ ನಿರೀಕ್ಷಣಾ ಜಾಮೀನು ಆದೇಶವೊಂದು, ದೂರುದಾರೆ ಆರೋಪಿಯ ಜೊತೆ ಕುಡಿಯಲು ಆಕ್ಷೇಪಿಸಲಿಲ್ಲ ಎಂಬುದನ್ನು ಎತ್ತಿ ಆಡಿತ್ತು. ಘಟನೆಯ ನಂತರ ದಣಿದು ನಿದ್ರೆ ಹೋದದ್ದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬರ್ಥದ ಮಾತನ್ನೂ ಹೇಳಿತ್ತು. ನಿದ್ರೆಯ ಕುರಿತ ಆ ಮಾತನ್ನು ದೇಶವ್ಯಾಪಿ ಆಕ್ಷೇಪದ ನಂತರ ತೆಗೆದುಹಾಕಲಾಯಿತು. ಆದ್ದರಿಂದ ಪರೀಕ್ಷೆಯ ಕಾನೂನು ಮಾಡುವಾಗ ಎರಡು ಬೇಲಿಗಳನ್ನು ಕಟ್ಟಲೇಬೇಕು. ಆಕೆಯ ಲಿಖಿತ ಒಪ್ಪಿಗೆಯಿಲ್ಲದೆ ಪರೀಕ್ಷೆ ಇಲ್ಲ. ಮಾದರಿಯಲ್ಲಿ ಆಕೆಯೇ ಸೇವಿಸಿದ ಗಾಂಜಾ ಮುಂತಾದವು ಸಿಕ್ಕರೆ ಅದರ ಆಧಾರದ ಮೇಲೆ ಮಾದಕವಸ್ತು ಕಾಯ್ದೆಯಡಿ ಆಕೆಯ ಮೇಲೆ ಮೊಕದ್ದಮೆ ಇಲ್ಲ. ಈ ಎರಡನೆಯ ಭರವಸೆ ಇಲ್ಲದಿದ್ದರೆ ಕಾಲೇಜು ಓದುವ ಹುಡುಗಿಯರು ಯಾರೂ ಮುಂದೆ ಬರುವುದಿಲ್ಲ. ತರಬೇತಿ ವೈದ್ಯರಿಗೂ ಪೊಲೀಸರಿಗೂ ಮುಗಿಯಬಾರದು, ವರದಿ ಓದುವ ನ್ಯಾಯಾಧೀಶರಿಗೂ ಬೇಕು. ಔಷಧ ಸಿಗಲಿಲ್ಲ ಎಂಬ ವರದಿಗೂ ಔಷಧ ಕೊಟ್ಟಿರಲಿಲ್ಲ ಎಂಬ ತೀರ್ಮಾನಕ್ಕೂ ನಡುವೆ ಎಷ್ಟು ಗಂಟೆಗಳ ಅಂತರವಿದೆ ಎಂದು ಅವರಿಗೆ ಗೊತ್ತಿರಬೇಕು.

397ನೇ ಕಲಮಿಗೆ 123ನ್ನು ಸೇರಿಸುವುದು ಸಂಸತ್ತಿನ ಕೆಲಸ. ಆದರೆ ರಾಜ್ಯ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ರಕ್ತ ನಳಿಕೆ, ಮೊದಲ ಮೂತ್ರ ಹಿಡಿಯುವ ಶುದ್ಧ ಸೀಸೆ, ಸಮಯ ಬರೆಯುವ ಚೀಟಿ, ಮಾದರಿ ಇಡಲು ಬೀಗವಿರುವ ಫ್ರಿಜ್ಜು, ಇಷ್ಟಿದ್ದರೆ ಅರ್ಧ ಕೆಲಸ ಆಗುತ್ತದೆ. ರಾತ್ರಿ ಪಾಳಿಯ ವೈದ್ಯರಿಗೂ ದಾದಿಯರಿಗೂ, ನೆನಪಿಲ್ಲ ಎಂದು ಬರುವ ಪ್ರತಿಯೊಬ್ಬರ ಮಾದರಿಯನ್ನು ಮೊದಲ ಹದಿನೈದು ನಿಮಿಷದಲ್ಲೇ ತೆಗೆಯಿರಿ, ವಿವರ ಆಮೇಲೆ ಕೇಳಿ ಎಂದು ಹೇಳಿಕೊಡುವ ತರಬೇತಿ ಬೇಕು. ನೊಂದ ಮಹಿಳೆಯರ ನೆರವಿಗೆ ಜಿಲ್ಲೆಗಳಲ್ಲಿರುವ ಸಖಿ ಕೇಂದ್ರಗಳ ಸಿಬ್ಬಂದಿಗೂ ಇದೇ ಪಾಠ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೂ ಪ್ರಾದೇಶಿಕ ಪ್ರಯೋಗಾಲಯಗಳಿಗೂ ವಿಷಶಾಸ್ತ್ರದ ಪರಿಣತರನ್ನು ನೇಮಿಸದೆ ಇದೆಲ್ಲ ಮಾಡಿದರೆ ಮಾದರಿಗಳು ಕಪಾಟಿನಲ್ಲಿ ಕೂರುತ್ತವೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳಿರುವುದರಿಂದ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿರುವುದರಿಂದ, ಈ ನೇಮಕಾತಿ ಹೇಗೂ ಆಗಬೇಕಾದದ್ದೇ.

ಬಾರುಗಳ ವಿಷಯ ಇನ್ನೂ ಸುಲಭ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಬಾರು, ಪಬ್ಬುಗಳು ನಡೆಯುವುದು ಅಬಕಾರಿ ಇಲಾಖೆಯ ಸನ್ನದಿನ ಮೇಲೆ. ಮುಚ್ಚುವ ವೇಳೆ, ಗಿರಾಕಿಯ ವಯಸ್ಸು ಇವಕ್ಕೆಲ್ಲ ನಿಯಮ ಹಾಕುವ ಇಲಾಖೆ, ನೌಕರರಿಗೆ ವರ್ಷಕ್ಕೊಂದು ದಿನದ ತರಬೇತಿ, ಅನುಮಾನ ಬಂದ ಲೋಟವನ್ನು ತೊಳೆಯದೆ ಮೊಹರು ಮಾಡಿಡುವುದು, ಪರೀಕ್ಷಾ ಪಟ್ಟಿ ಮತ್ತು ಮುಚ್ಚಳ ಇಟ್ಟಿರುವುದು, 112ಕ್ಕೆ ಕರೆ ಮಾಡುವುದು, ಇವನ್ನೂ ಷರತ್ತಾಗಿ ಸೇರಿಸಬಹುದು. ರಾಜ್ಯದ ಅಬಕಾರಿ ವರ್ಷ ಪ್ರತಿ ಜುಲೈ 1ಕ್ಕೆ ಆರಂಭವಾಗುತ್ತದೆ, ಸನ್ನದುಗಳು ನವೀಕರಣಕ್ಕೆ ಬರುವುದೂ ಆಗಲೇ.